ಮಂಗಳವಾರ, ಶುಕ್ರವಾರ ನಿಂತುಹೋಗುವ ಪೆಟ್ಟಿಗೆ

ತಾಕಾಮೋರಿ
ನವೆಂಬರ್ 9

ಪ್ರೀತಿಯ ಚಿಜುರು,

ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿರುವೆ ಎಂದುಕೊಂಡಿದ್ದೇನೆ. ನಿನ್ನ ಸಂದೇಶಗಳಿಗೆ ಉತ್ತರ ಕೊಡುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಾಕಿ ಹಣ್ಣು ಹೆರೆದು ಒಣಗಲು ತೂಗುಹಾಕುವ ಕಾಲ ನಿನಗೆ ಗೊತ್ತಲ್ಲ. ಬೆಳಿಗ್ಗೆ ಕೂತರೆ ಕತ್ತಲಾಗುವವರೆಗೆ ಸಿಪ್ಪೆಯೇ ಸಿಪ್ಪೆ. ಹಣ್ಣಿನ ಒಗರು ಹತ್ತಿ ಬೆರಳ ತುದಿಗಳೆಲ್ಲ ಕಪ್ಪಾಗಿ ಒರಟಾಗಿವೆ. ಮೊಬೈಲಿನ ಮೇಲೆ ಬೆರಳಿಟ್ಟರೆ ಅದು ನನ್ನನ್ನು ಮನುಷ್ಯಳೆಂದೇ ಒಪ್ಪುವುದಿಲ್ಲ. ಮನೆಯ ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದು ಅಮ್ಮನ ಮೊಣಕೈ ಪಕ್ಕದಲ್ಲಿ. ಅವಳ ಎದುರಿಗೆ ಅವಳ ವಿಷಯ ಹೇಗೆ ಮಾತಾಡಲಿ? ಅದಕ್ಕೇ ಈ ಕಾಗದ.

ಕಾಗದವೆಂದ ಮೇಲೆ ಮೊದಲು ಹವೆಯ ಸುದ್ದಿ ಬರೆಯಬೇಕು. ಬೆಟ್ಟದ ತಲೆಯ ಮೇಲೆ ಹಿಮ ಕಾಣಿಸಿತು, ಬೆಳಿಗ್ಗೆ ಹೊಳೆಯ ಕಡೆಯಿಂದ ಮಂಜು ಏಳುತ್ತಿದೆ ಎಂದು ಒಂದು ಸಾಲು ಬರೆದೆ. ಆಮೇಲೆ ಹೊಡೆದುಹಾಕಿದೆ. ನಮ್ಮ ಅಂಗಳದ ಚಳಿ ನನಗಿಂತ ಮುಂಚೆ ನಿನಗೆ ಗೊತ್ತಾಗುತ್ತದೆ. ನಾನು ಹಾಸಿಗೆಯಲ್ಲಿ ಹೊರಳುತ್ತಿರುವಾಗಲೇ ನೀನು ಹಕೊದಾತೆಯಲ್ಲಿ ಕಾಫಿ ಕುಡಿಯುತ್ತಾ ನಮ್ಮ ಸೂರಿನಡಿ ಎಷ್ಟು ಡಿಗ್ರಿ, ಎಷ್ಟು ತೇವ, ಎಷ್ಟು ಗಾಳಿ, ಅಂಗಳದ ಲೋಟದಲ್ಲಿ ಎಷ್ಟು ಮಳೆ ಎಂದೆಲ್ಲ ನೋಡಿ ಮುಗಿಸಿರುತ್ತೀಯ. ನಾನು ಏನು ಹೊಸದು ಹೇಳಲಿ?

ನೀನು ನಮ್ಮ ಸೂರಿಗೆ ಕಟ್ಟಿಹೋದ ಆ ಹವೆ ಅಳೆಯುವ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಚಾರ್ಜರ್ ಬೇರೆ ಹಾಕಿದೆ. ತಂತಿ ಬೇರೆ ಹಾಕಿದೆ. ನಿನ್ನ ಭಾವ ಏಣಿ ಹಿಡಿದುಕೊಂಡರು. ನಾನು ಹತ್ತಿ, ನೀನು ಹೂಕುಂಡದ ತಟ್ಟೆಗಳನ್ನು ಬೋರಲು ಪೇರಿಸಿ ಮಾಡಿದ ಆ ಬಿಳಿ ಗೋಪುರವನ್ನು ಬಿಚ್ಚಿ ಒಳಗೆ ನೋಡಿದೆ. ಸೆನ್ಸರ್ ಎಂದರೆ ಏನೋ ದೊಡ್ಡದು ಇರುತ್ತದೆಂದುಕೊಂಡಿದ್ದೆ. ಕಡಲೆಕಾಳಿನಷ್ಟೂ ಇಲ್ಲ. ಅಷ್ಟಕ್ಕೆ ಇಷ್ಟು ರಾದ್ಧಾಂತ. ಅಕ್ಟೋಬರಿನಲ್ಲಿ ಅದು ಮೊದಲ ಸಲ ನಿಂತಾಗ ನೀನು ಫೋನಿನಲ್ಲಿ, ನಾನು ಏಣಿಯ ಮೇಲೆ, ಕೆಂಪು ತಂತಿ ಎಲ್ಲಿಗೆ, ಕಪ್ಪು ಎಲ್ಲಿಗೆ ಎಂದು ಎಷ್ಟು ಹೊತ್ತು ಮಾತಾಡಿದೆವು! "ಅಕ್ಕಾ, ಅದು ಹಸಿರಲ್ಲ, ನೀಲಿ ಕಣೇ, ಕನ್ನಡಕ ಹಾಕ್ಕೋ" ಎಂದು ನೀನು ನಕ್ಕೆ. ನಾವಿಬ್ಬರು ಹಾಗೆ ಮಾತಾಡಿ ವರ್ಷಗಳೇ ಆಗಿದ್ದವು.

ತೇವಾಂಶ ನೂರಕ್ಕೆ ಹೋಗಿ ಅಲ್ಲೇ ಗಂಟುಬಿದ್ದಿತ್ತಲ್ಲ, ಅದಕ್ಕೆ ಕಾರಣ ಸಿಕ್ಕಿದೆ. ನೀನು ಜೇಡ ಗೂಡು ಕಟ್ಟಿರಬಹುದು ಎಂದಿದ್ದೆ. ಜೇಡವಲ್ಲ, ಅಮ್ಮ. ಬೆಳಿಗ್ಗೆ ಎದ್ದವಳೇ ಒದ್ದೆ ಬಟ್ಟೆಯನ್ನು ಬಿದಿರು ಕೋಲಿಗೆ ಸುತ್ತಿ ಪೆಟ್ಟಿಗೆಯ ಮೈ ಒರೆಸುತ್ತಿದ್ದಳು, ನೀರು ತೊಟ್ಟಿಕ್ಕುವಂತೆ.

"ಏನಮ್ಮಾ ಮಾಡ್ತಿದ್ದೀಯ?" ಎಂದು ಕೇಳಿದೆ.

"ಚೀ-ಚಾನ್ ಮೇಲೆ ಧೂಳು ಕೂತಿತ್ತು ಕಣೇ. ಮುಖ ಒರೆಸ್ತಿದ್ದೆ."

ಹೌದು, ಪೆಟ್ಟಿಗೆಯ ಹೆಸರು ಈಗ ಚೀ-ಚಾನ್. ನೀನು ಲಂಗ ಎಳೆದುಕೊಂಡು ಓಡಾಡುವಾಗ ನಿನ್ನನ್ನು ಕರೆಯುತ್ತಿದ್ದ ಹೆಸರು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಅದಕ್ಕೆ ನಮಸ್ಕಾರ, ಆಮೇಲೆ ನಮಗೆ. ಈ ವರ್ಷ ಮರದಲ್ಲೇ ಮಾಗಿದ ಮೊದಲ ಹಣ್ಣನ್ನು ತಟ್ಟೆಯಲ್ಲಿಟ್ಟು ಅದರ ಕೆಳಗೆ ಇಟ್ಟಿದ್ದಳು. ಹಕ್ಕಿ ತಿಂದು ಹೋಯಿತು. ಹಣ್ಣು ನನಗೂ ಇಷ್ಟವೆಂದು ಅವಳಿಗೆ ನೆನಪಾಗಲಿಲ್ಲ.

ಇನ್ನೂ ಕೇಳು. ಮೊನ್ನೆ ಸಂಜೆ ನಾನು, "ಅಮ್ಮಾ, ಚಳಿ ಬೀಳ್ತಿದೆ, ಹತ್ತಿ ಕೋಟು ಹಾಕ್ಕೋ" ಎಂದೆ. "ನಂಗೇನೂ ಚಳಿಯಿಲ್ಲ. ನಿಂಗೆ ಆಗ್ತಿದ್ರೆ ನೀನು ಹಾಕ್ಕೋ" ಎಂದಳು. ಅರ್ಧ ಗಂಟೆಗೆ ನಿನ್ನ ಫೋನ್ ಬಂತು. ಇಟ್ಟಳೋ ಇಲ್ಲವೋ, ಮನೆಯೆಲ್ಲ ಕೇಳುವಂತೆ ಕೂಗು: "ಫುಮಿಯೆ, ನನ್ನ ಹತ್ತಿ ಕೋಟು ಎಲ್ಲಿಟ್ಟಿದ್ದೀಯೇ? ರಾತ್ರಿ ಎರಡು ಡಿಗ್ರಿಗೆ ಇಳಿಯತ್ತಂತೆ, ಚಿಜುರು ಹೇಳಿದ್ಲು!"

ಬೀದಿಯವರ ಮುಂದೆಯಂತೂ ಕೇಳಲೇಬೇಡ. "ನನ್ನ ಚಿಕ್ಕ ಮಗಳು ಹಕೊದಾತೆಯಲ್ಲಿ ಕೂತ್ಕೊಂಡೇ ನನ್ನ ಹಣ್ಣು ಕಾಯ್ತಾಳೆ. ತೇವ ಜಾಸ್ತಿಯಾದ್ರೆ ಅಲ್ಲಿಂದಲೇ ಫ್ಯಾನ್ ತಿರುಗಿಸ್ತಾಳೆ." ಹೆರೆದವಳು, ದಾರ ಕಟ್ಟಿದವಳು, ಏಣಿ ಹತ್ತಿ ಸಾಲು ಸಾಲಾಗಿ ತೂಗುಹಾಕಿದವಳು ನಾನು, ಅಲ್ಲೇ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಕೇಳಿಸಿಕೊಂಡವರು ನನ್ನ ಮುಖ ನೋಡಿ, "ಒಳ್ಳೆ ತಂಗಿ ಪಡೆದಿದ್ದೀರಿ" ಎಂದರು. ನಾನು ತಲೆಬಾಗಿ ಥ್ಯಾಂಕ್ಸ್ ಹೇಳಿದೆ.

ಹೊಟ್ಟೆಕಿಚ್ಚು ಎನ್ನುತ್ತೀಯ? ಹೌದು, ಹೊಟ್ಟೆಕಿಚ್ಚೇ. ಕಾಗದದಲ್ಲಿ ಸುಳ್ಳು ಯಾಕೆ? ಬಿಳಿ ಪೆಟ್ಟಿಗೆಯೊಂದು ನನ್ನ ಜಾಗದಲ್ಲಿ ಕೂತು ಅಮ್ಮನ ಮಗಳಾಗಿದೆ. ಅದಕ್ಕೆ ಅಡುಗೆ ಬರುವುದಿಲ್ಲ, ಅವಳ ಕಾಲು ಒತ್ತಲು ಬರುವುದಿಲ್ಲ, ಎಷ್ಟು ಚಳಿ ಎಂದು ಹೇಳಲು ಮಾತ್ರ ಬರುತ್ತದೆ.

ಸೆನ್ಸರನ್ನು ನೀನು ಹೇಳಿದಂತೆ ಕೂದಲು ಒಣಗಿಸುವ ಯಂತ್ರದಿಂದ ದೂರದಿಂದಲೇ, ಸಣ್ಣ ಬಿಸಿಯಲ್ಲಿ ಒಣಗಿಸಿದೆ. ಈಗ ಸರಿಯಾದ ಅಂಕಿ ಬರುತ್ತಿದೆಯಲ್ಲ? ಒರೆಸಕೂಡದೆಂದು ಅಮ್ಮನಿಗೂ ಹೇಳಿದ್ದೇನೆ. ಆರೋಗ್ಯ ನೋಡಿಕೋ.

ನಿನ್ನ ಅಕ್ಕ,
ಫುಮಿಯೆ

•

ತಾಕಾಮೋರಿ
ನವೆಂಬರ್ 24

ಚಿಜುರು,

ನಿನ್ನ ಸಂದೇಶ ನೋಡಿದೆ. ನೀನು ಕಳಿಸಿದ ಆ ಗೆರೆಗಳ ಚಿತ್ರವನ್ನೂ ನೋಡಿದೆ. ಪೆಟ್ಟಿಗೆ ನಿಂತುಹೋದ ದಿನಗಳನ್ನೆಲ್ಲ ಕೆಂಪಿನಲ್ಲಿ ಗುರುತು ಮಾಡಿದ್ದೀಯ. ಎಲ್ಲವೂ ಮಂಗಳವಾರ ಇಲ್ಲವೇ ಶುಕ್ರವಾರ, ಅದೂ ಬೆಳಗಿನ ಹೊತ್ತು. ಸಂಜೆಗೆ ತಾನೇ ಸರಿಹೋಗುತ್ತದೆ. ಕೆಳಗೆ ಒಂದು ಸಾಲು: "ಅಕ್ಕಾ, ನೀನು ಹಣ್ಣಿನ ಶೆಡ್‌ಗೆ ಕೆಲಸಕ್ಕೆ ಹೋಗೋ ದಿನವೇ ಹೀಗಾಗ್ತಿದೆ. ಹೊರಡೋ ಮುಂಚೆ ಏನಾದ್ರೂ ಮುಟ್ತೀಯಾ?"

ನೀನು ಕೆಟ್ಟ ಮನಸ್ಸಿನಿಂದ ಕೇಳಿಲ್ಲವೆಂದು ಗೊತ್ತು. ಸಮುದ್ರದಲ್ಲಿ ತೇಲುವ ಯಂತ್ರಗಳ ರೋಗ ಹುಡುಕುವುದೇ ನಿನ್ನ ಕೆಲಸ. ಅಲ್ಲಿ ಹೀಗೇ ಕೇಳುತ್ತೀರೇನೋ. ಆದರೆ ಆ ಸಾಲನ್ನು ಮೂರು ಸಲ ಓದಿದೆ. ನಾನು ಏನು ಮುಟ್ಟಲಿ? ಎದ್ದು ಅನ್ನಕ್ಕಿಟ್ಟು, ಅಮ್ಮನಿಗೆ ಮಧ್ಯಾಹ್ನದ ಊಟ ಡಬ್ಬಿಗೆ ಹಾಕಿ, ಬೂಟು ಮೆಟ್ಟಿ ಓಡುತ್ತೇನೆ. ಪೆಟ್ಟಿಗೆಯ ಮುಖ ನೋಡಲು ನನಗೆ ಪುರುಸೊತ್ತೆಲ್ಲಿದೆ?

ಅಮ್ಮನನ್ನು ಕೇಳಿದರೆ, "ನೀನು ಜಗಲಿ ಗುಡಿಸುವಾಗ ತಂತಿಗೆ ಪೊರಕೆ ತಗುಲಿಸ್ತೀಯ ಅನ್ಸತ್ತೆ. ನಿಂಗೆ ಯಾವಾಗ್ಲೂ ಅವಸರ" ಎಂದಳು. ನಿನಗೂ ಫೋನಿನಲ್ಲಿ ಹಾಗೇ ಹೇಳಿದ್ದಾಳಂತೆ. ಪ್ಲಗ್ ಇರುವುದು ಜಗಲಿಯ ದೀಪದ ಪಕ್ಕ, ನನ್ನ ತಲೆಗಿಂತ ಮೇಲೆ. ನಾನೇನು ಪೊರಕೆಯಿಂದ ಮಾಡು ಗುಡಿಸುತ್ತೇನೆಯೇ?

ಕರೆಂಟ್ ಅಂಗಡಿಯ ಮಿಯಾಶಿತ-ಸಾನ್ ಅವರನ್ನು ಕರೆಸಿದೆ. ಅವರು ತಮ್ಮ ಮೀಟರ್ ಹಚ್ಚಿ, ಬೆಸುಗೆ ನೋಡಿ, ಪ್ಲಗ್ ಅಲುಗಾಡಿಸಿ, ವೈಫೈ ಪೆಟ್ಟಿಗೆಯನ್ನೂ ಮೂಸಿ ನೋಡಿದರು. "ಏನೂ ಆಗಿಲ್ಲ ಅಮ್ಮಾ. ನನ್ನ ಅಂಗಡೀಲಿರೋ ಮಾಲಿಗಿಂತ ಚೆನ್ನಾಗಿ ಮಾಡಿದ್ದಾರೆ" ಎಂದರು. ಅಮ್ಮನಿಗೆ ಅಷ್ಟು ಸಾಕಾಯಿತು. ಅವರನ್ನು ಕೂರಿಸಿ ಚಹಾ ಕೊಟ್ಟು, ಉಪ್ಪಿನಕಾಯಿ ಕೊಟ್ಟು, ನೀನು ಶಾಲೆಯಲ್ಲಿ ಗೆದ್ದ ಬಹುಮಾನದಿಂದ ಶುರುಮಾಡಿದಳು. ಅವರ ಕಾಲು ಜೋಮು ಹಿಡಿದು ಎದ್ದು ನಿಲ್ಲಲಾಗದೆ ಕಂಬ ಹಿಡಿದುಕೊಂಡರು.

ನಗಲು ನನಗೆ ಮನಸ್ಸಿಲ್ಲ. ಕಳೆದ ಶುಕ್ರವಾರ ಬೆಳಗಿನಿಂದ ಸೋನೆ ಮಳೆ. ತೇವ ಏರಿದರೆ ಫ್ಯಾನ್ ತಾನೇ ತಿರುಗುವಂತೆ ನೀನು ಮಾಡಿದ್ದೀಯೆಂಬ ಧೈರ್ಯದಲ್ಲಿ ನಾನು ಕೆಲಸಕ್ಕೆ ಹೋದೆ. ಪೆಟ್ಟಿಗೆ ನಿಂತಿತ್ತು, ಫ್ಯಾನ್ ತಿರುಗಲಿಲ್ಲ. ಮೇಲಿನ ಸಾಲಿನ ಹಣ್ಣುಗಳಿಗೆ ಬೂಸಲು ಬಂತು. ಹಸಿರು ಬೂಸಲು, ಒರೆಸಿದರೆ ಹೋಗುವುದಲ್ಲ. ಬಿಡಿಸಿ ಬಿಡಿಸಿ ತಿಪ್ಪೆಗೆ ಹಾಕಿದೆ. ಬೇಲಿಯಾಚೆಯಿಂದ ನೋಡಿದವರು, "ಪಾಪ, ಚಿಜುರು ಅಷ್ಟು ದೂರದಿಂದ ಕಷ್ಟಪಟ್ಟಿದ್ದೆಲ್ಲ ಹಾಳಾಯ್ತಲ್ಲ" ಎಂದು ಮರುಗಿದರು.

ಹಣ್ಣು ಚೆನ್ನಾದರೆ ನಿನ್ನ ಪೆಟ್ಟಿಗೆಯಿಂದ. ಬೂಸಲು ಬಂದರೆ ನನ್ನ ಪೊರಕೆಯಿಂದ.

ಇನ್ನು ಆ ಪೆಟ್ಟಿಗೆಯನ್ನು ನಾನು ರಿಪೇರಿ ಮಾಡುವುದಿಲ್ಲ. ಬೇಕಾದರೆ ನೀನೇ ಬಂದು ಮಾಡು. ಚಳಿಯಲ್ಲಿ ಹೊರಗೆ ಹೆಚ್ಚು ತಿರುಗಬೇಡ.

ಫುಮಿಯೆ

•

ತಾಕಾಮೋರಿ
ಡಿಸೆಂಬರ್ 13

ಪ್ರೀತಿಯ ಚಿಜುರು,

ಹಿಂದಿನ ಕಾಗದ ಅಂಚೆಗೆ ಹಾಕಿ ಬಂದ ಮೇಲೆ ಪಶ್ಚಾತ್ತಾಪವಾಯಿತು. ನೀನು ಉತ್ತರ ಬರೆಯದೆ ಕ್ಷಮೆ ಕೇಳುವ ಹಾಗೆ ಒಂದು ಡಬ್ಬ ಒಣ ಏಡಿ ಕಳಿಸಿದೆ. ಅದನ್ನು ನೋಡಿ ಇನ್ನೂ ನಾಚಿಕೆಯಾಯಿತು. ಬರೆಯಬೇಕೆಂದು ಎರಡು ಸಲ ಕೂತೆ, ಏನು ಬರೆಯುವುದೋ ತಿಳಿಯದೆ ಎದ್ದೆ. ಈಗ ಬರೆಯುತ್ತೇನೆ. ಓದಿದ ಮೇಲೆ ಇದನ್ನು ಅಮ್ಮನಿಗೆ ಹೇಳುವುದಿಲ್ಲವೆಂದು ಮಾತು ಕೊಡು.

ನಿನ್ನ ಪೆಟ್ಟಿಗೆಯ ರೋಗ ಸಿಕ್ಕಿದೆ.

ತಿಂಗಳ ಮೊದಲ ಮಂಗಳವಾರ ಶೆಡ್‌ನಲ್ಲಿ ಹಣ್ಣು ವಿಂಗಡಿಸುವ ಯಂತ್ರದ ಬೆಲ್ಟ್ ಹರಿಯಿತು. ನಮ್ಮನ್ನೆಲ್ಲ ಬೇಗ ಮನೆಗೆ ಕಳಿಸಿದರು. ದಾರಿಯಲ್ಲಿ ಹೊಲದಿಂದ ಎರಡು ಮೂಲಂಗಿ ಕಿತ್ತುಕೊಂಡು ಹಿತ್ತಲ ಕಡೆಯಿಂದ ಬಂದೆ. ಮನೆಯ ಮೂಲೆ ತಿರುಗಿದಾಗ ಅಮ್ಮ ಸ್ಟೂಲಿನ ಮೇಲೆ ನಿಂತಿದ್ದಳು. ಸೊಂಟ ಬಗ್ಗಿದ ನಮ್ಮ ಅಮ್ಮ, ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯುವ ಅಮ್ಮ, ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು, ಇನ್ನೊಂದು ಕೈ ಮೇಲಕ್ಕೆ ಚಾಚಿ, ದೀಪದ ಪಕ್ಕದ ಪ್ಲಗ್ ಎಳೆಯುತ್ತಿದ್ದಳು.

ಕೂಗಿದರೆ ಬೆಚ್ಚಿ ಬೀಳುತ್ತಾಳೆಂದು ನಾನು ಬಾಯಿ ಬಿಡಲಿಲ್ಲ. ಮೂಲಂಗಿ ಹಿಡಿದುಕೊಂಡೇ ನಿಂತೆ. ಪ್ಲಗ್ ಕಿತ್ತು ಬಂತು. ಅವಳು ಮೆಲ್ಲಗೆ ಇಳಿದು, ಸ್ಟೂಲನ್ನು ಇದ್ದ ಜಾಗಕ್ಕೆ ತಳ್ಳಿ, ಅದರ ಮೇಲಿನ ಹೆಜ್ಜೆ ಗುರುತನ್ನು ತೋಳಿನಿಂದ ಒರೆಸಿದಳು. ಒಳಗೆ ಹೋಗಿ ಕನ್ನಡಿಯ ಮುಂದೆ ತಲೆ ಬಾಚಿಕೊಂಡಳು. ಆಮೇಲೆ ಫೋನಿನ ಪಕ್ಕದಲ್ಲಿ ಕೂತು ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡಳು, ಮದುವೆಮನೆಗೆ ಬಂದವಳ ಹಾಗೆ.

ನಾನು ತೂಗುಹಾಕಿದ ಹಣ್ಣಿನ ಸಾಲುಗಳ ಹಿಂದೆ ನಿಂತಿದ್ದೆ. ತೆರೆದ ಬಾಗಿಲಿನಿಂದ ಅವಳು ನನಗೆ ಕಾಣಿಸುತ್ತಿದ್ದಳು. ಒಳಗೆ ಹೋಗಬೇಕಿತ್ತು, ಹೋಗಲಿಲ್ಲ.

ಹೆಚ್ಚು ಹೊತ್ತಾಗಲಿಲ್ಲ, ಫೋನ್ ಬಂತು. ಅಷ್ಟು ಹೊತ್ತೂ ಅದನ್ನೇ ನೋಡುತ್ತಾ ಕೂತಿದ್ದವಳು ಕೂಡಲೇ ಎತ್ತಲಿಲ್ಲ. ಏನೋ ಕೆಲಸದಲ್ಲಿದ್ದವಳ ಹಾಗೆ ಸ್ವಲ್ಪ ಬಡಿದುಕೊಳ್ಳಲು ಬಿಟ್ಟು ಆಮೇಲೆ ಎತ್ತಿದಳು.

"ಯಾರು? ಓ, ಚಿಜುರು! ಏನೇ, ಮತ್ತೆ ನಿಂತ್ಹೋಯ್ತಾ? ಅಯ್ಯೋ, ನಂಗೇನು ತಿಳಿಯತ್ತೆ ಇದೆಲ್ಲ. ಫುಮಿಯೆ ಗುಡಿಸುವಾಗ ತಗುಲಿಸಿರ್ತಾಳೆ. ಹೂಂ. ಹೂಂ. ನಾನು ಚೆನ್ನಾಗಿದ್ದೀನಿ. ನೀನು ಊಟ ಮಾಡ್ದ್ಯಾ?"

ಮುಂದಿನದು ನಿನಗೆ ಗೊತ್ತು. ನೀನೇ ಆ ಕಡೆಯಲ್ಲಿದ್ದೆ. ನನಗೆ ಗೊತ್ತಿರಲಿಲ್ಲ. ಅಪ್ಪ ಸೈಕಲ್ಲಿನಲ್ಲಿ ಹೊಳೆ ದಾಟುವ ಕನಸು ಅವಳಿಗೆ ಮೇಲಿಂದ ಮೇಲೆ ಬೀಳುತ್ತಿದೆಯೆಂದು ಗೊತ್ತಿರಲಿಲ್ಲ. ಎಡಗಡೆಯ ದವಡೆ ಹಲ್ಲು ನೋಯುತ್ತಿದೆಯೆಂದು ಗೊತ್ತಿರಲಿಲ್ಲ. ದಿನಾ ಅವಳಿಗೆ ಅನ್ನ ಬಡಿಸುವವಳು ನಾನು, ಮೂಲಂಗಿ ಯಾಕೆ ಬಿಡುತ್ತಿದ್ದಾಳೆಂದು ನಾನು ಗೊಣಗುತ್ತಿದ್ದೆ, ಹಲ್ಲುನೋವಿನ ಸುದ್ದಿ ಹಕೊದಾತೆಗೆ ಹೋಗುತ್ತಿತ್ತು. ನೀನು ಏನೋ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಹುಡುಗಿಯ ಹಾಗೆ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿದೆಯೋ.

ಆಗ ನನಗೆ ಏನನ್ನಿಸಿತೆಂದು ಬರೆಯಲೇ? ಒಳಗೆ ನುಗ್ಗಿ ಫೋನ್ ಕಿತ್ತುಕೊಂಡು, "ನಿನ್ನ ಪೆಟ್ಟಿಗೆ ಕೆಡಿಸ್ತಿರೋಳು ಇವಳೇ" ಎಂದು ಕಿರುಚಬೇಕೆನ್ನಿಸಿತು. ನನ್ನ ಧ್ವನಿ ಕೇಳಲೆಂದು ಈ ಹೆಂಗಸು ಎಂದಾದರೂ ಸ್ಟೂಲು ಹತ್ತಿದ್ದಾಳೆಯೇ? ಮೂಲಂಗಿಯ ಮಣ್ಣು ನನ್ನ ಕೈಯಲ್ಲಿ ಹಾಗೇ ಒಣಗಿತು. ಸದ್ದಾಗದಂತೆ ಹಿತ್ತಲಿಗೆ ಹೋಗಿ, ಕೊಳಾಯಿಯನ್ನು ಜೋರಾಗಿ ಬಿಟ್ಟು, ಈಗ ತಾನೇ ಬಂದವಳ ಹಾಗೆ ಗಲಾಟೆ ಮಾಡುತ್ತಾ ಕೈ ತೊಳೆದೆ. ಒಳಗೆ ಬಂದಾಗ ಫೋನ್ ಇಟ್ಟಾಗಿತ್ತು. "ಇಷ್ಟು ಬೇಗ?" ಎಂದಳು. ಅವಳ ಕೆನ್ನೆ ಇನ್ನೂ ಕೆಂಪಗಿತ್ತು.

ನಿನ್ನ ಭಾವನಿಗೆ ಹೇಳಿದೆ. ಅವರು ಯೋಚನೆ ಮಾಡಿ, "ಪ್ಲಗ್‌ಗೆ ಅಂಟು ಹಾಕಿ ಕೂರಿಸಿಬಿಡ್ತೀನಿ. ಹುಲಿ ಬಂದು ಎಳೆದ್ರೂ ಬರಲ್ಲ" ಎಂದರು. ಸ್ವಲ್ಪ ತಡೆಯಿರಿ ಎಂದೆ.

ಎರಡು ದಿನ ಬಿಟ್ಟು ನಾನೂ ಅಮ್ಮನೂ ಎದುರುಬದುರು ಕೂತು ಅರೆ ಒಣಗಿದ ಹಣ್ಣುಗಳನ್ನು ತಿಕ್ಕುತ್ತಿದ್ದೆವು. ಅವಳ ಕೈ ಈಗಲೂ ನನಗಿಂತ ಚುರುಕು. ಒಂದೊಂದನ್ನೂ ಅಂಗೈಯಲ್ಲಿ ಉರುಳಿಸಿ, ಹಿಸುಕಿ, ಆಕಾರಕ್ಕೆ ತಂದು ತಟ್ಟೆಗಿಡುತ್ತಾಳೆ.

"ಅಮ್ಮಾ, ಆ ಸ್ಟೂಲಿನ ಒಂದು ಕಾಲು ಅಲುಗಾಡತ್ತೆ. ಹತ್ಬೇಡ" ಎಂದೆ.

"ಯಾವ ಸ್ಟೂಲು?"

"ಮಂಗಳವಾರ ಹತ್ತಿದ್ದು."

ಅವಳ ಕೈ ನಿಂತಿತು. "ನೋಡಿದ್ಯಾ?" ಎಂದಳು.

"ನೋಡ್ದೆ."

"ಅವಳಿಗೆ ಹೇಳ್ಬೇಡ ಕಣೇ."

"ಯಾಕಮ್ಮಾ ಹೀಗೆ ಮಾಡ್ತೀಯ? ಬಿದ್ದಿದ್ರೆ ಏನು ಗತಿ?"

"ಮುಂಚೆ ಭಾನುವಾರ ಭಾನುವಾರ ಫೋನ್ ಮಾಡೋಳು. ಅಮ್ಮಾ ಹೇಗಿದ್ದೀಯ, ಅಲ್ಲಿ ಚಳಿನಾ, ಮಳೆನಾ ಅಂತ ಕೇಳೋಳು. ಈ ಪೆಟ್ಟಿಗೆ ಬಂದ ಮೇಲೆ ಕೇಳೋದಕ್ಕೆ ಏನಿದೆ? ಎಲ್ಲ ಅದೇ ಹೇಳತ್ತೆ. ಅಂಕಿ ನೋಡ್ತಾಳೆ, ಎಲ್ಲ ಸರಿಯಾಗಿದೆ ಅಂತ ಸುಮ್ನಾಗ್ತಾಳೆ. ಅದು ನಿಂತ್ರೆ ಮಾತ್ರ ಗಾಬರಿ ಬಿದ್ದು ಮಾಡ್ತಾಳೆ. ನೀನು ಮನೇಲಿದ್ರೆ ಎಳೆಯಕ್ಕೆ ಬಿಡ್ತೀಯಾ? ಅದಕ್ಕೇ ನೀನು ಕೆಲಸಕ್ಕೆ ಹೋದ ದಿನ ಎಳೆದು, ಸಂಜೆ ನೀನು ಬರೋಷ್ಟರಲ್ಲಿ ಮತ್ತೆ ಸಿಕ್ಕಿಸಿಡ್ತೀನಿ."

"ನೀನೇ ಫೋನ್ ಮಾಡಬಹುದಲ್ಲ?"

"ನಾನು ಮಾಡಿದ್ರೆ ಅವಳಿಗೆ ಕೆಲಸದ ಮಧ್ಯ ತೊಂದ್ರೆ. ಅವಳೇ ಮಾಡಿದ್ರೆ ಅದೇ ಬೇರೆ."

"ಸರಿ. ನನ್ನ ಮೇಲ್ಯಾಕೆ ಹಾಕ್ದೆ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ಇದನ್ನೂ ಕೇಳಬೇಕೇ ಎನ್ನುವ ಹಾಗೆ. "ಇನ್ಯಾರ ಮೇಲೆ ಹಾಕ್ಲಿ? ನೀನಾದ್ರೆ ಎಷ್ಟು ಸಿಟ್ಟು ಮಾಡ್ಕೊಂಡ್ರೂ ಸಂಜೆಗೆ ಇಲ್ಲಿಗೇ ಬರ್ತೀಯ."

ಇದಕ್ಕೆ ಸಂತೋಷಪಡಬೇಕೋ ಅಳಬೇಕೋ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಇನ್ನೊಂದು ಹಣ್ಣು ತೆಗೆದುಕೊಂಡೆ.

"ಹಲ್ಲು ನೋಯ್ತಿದೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಡಾಕ್ಟರ್ ಹತ್ರ ಎಳ್ಕೊಂಡು ಹೋಗ್ತೀಯ. ಅವಳಿಗೆ ಹೇಳಿದ್ರೆ 'ಅಯ್ಯೋ ಪಾಪ' ಅಂತಾಳೆ."

ಮಾರನೆಯ ದಿನ ಎಳೆದುಕೊಂಡೇ ಹೋದೆ. ಹಲ್ಲು ಕೀಳಬೇಕಾಗಿಲ್ಲ, ತುಂಬಿಸಿದರೆ ಸಾಕಂತೆ. ಇನ್ನೂ ಎರಡು ಸಲ ಹೋಗಬೇಕು. ದಾರಿಯುದ್ದಕ್ಕೂ ನನ್ನ ಮೇಲೆ ಮುನಿಸಿಕೊಂಡು ಮಾತಾಡಲಿಲ್ಲ, ಆದರೆ ತೋಳು ಹಿಡಿದದ್ದನ್ನು ಬಿಡಲೂ ಇಲ್ಲ.

ಮಿಯಾಶಿತ-ಸಾನ್ ಮತ್ತೆ ಬಂದರು. ಮೇಲಿನ ಪ್ಲಗ್‌ನಿಂದ ಕೆಳಗೆ ಒಂದು ತಂತಿ ಇಳಿಸಿ, ಅಮ್ಮ ಕೂರುವ ಜಾಗದ ಗೋಡೆಗೆ, ಅವಳ ಕೈಗೆಟುಕುವ ಎತ್ತರದಲ್ಲಿ ಸ್ವಿಚ್ ಹಾಕಿಸಿದೆ. ಹಾಕಿದರೆ ಸಣ್ಣ ದೀಪ ಉರಿಯುತ್ತದೆ. "ಆನ್-ಆಫ್ ಯಾಕಮ್ಮಾ, ಇದು ಯಾವಾಗ್ಲೂ ಆನ್ ಇರಬೇಕಾದ್ದಲ್ವಾ?" ಎಂದು ಅವರು ತಲೆ ಕೆರೆದುಕೊಂಡರು. ಇರಲಿ ಹಾಕಿ ಎಂದೆ. ಫ್ಯಾನನ್ನು ಪೆಟ್ಟಿಗೆಯಿಂದ ಬಿಡಿಸಿ ಬೇರೆ ಮಾಡಿಸಿದ್ದೇನೆ. ಅದನ್ನು ಇನ್ನು ಮೇಲೆ ನಾನು ಹಾಕುತ್ತೇನೆ, ಕೆಲಸದ ದಿನ ನಿನ್ನ ಭಾವ ಹಾಕುತ್ತಾರೆ. ಉಳಿದ ಸಾಲುಗಳು ಚೆನ್ನಾಗಿವೆ. ಹಣ್ಣಿನ ಮೈಮೇಲೆ ಬಿಳಿ ಸಕ್ಕರೆ ಮೂಡುತ್ತಿದೆ.

ಅವರು ಹೋದ ಮೇಲೆ ಅಮ್ಮ, "ಇದೇನೇ ಇದು?" ಎಂದು ಕೇಳಿದಳು.

"ಪೆಟ್ಟಿಗೆ ಸ್ವಿಚ್ಚು. ಗುಡಿಸುವಾಗ ನನ್ನ ಪೊರಕೆ ತಗುಲದೆ ಇರ್ಲಿ ಅಂತ."

ಅವಳು ಅದನ್ನೂ ನನ್ನನ್ನೂ ಒಂದೆರಡು ಸಲ ನೋಡಿದಳು. ಆಮೇಲೆ ರಜಾಯಿಯನ್ನು ಮಂಡಿಯ ಮೇಲೆ ಎಳೆದುಕೊಂಡು, "ಚಹಾ ಮಾಡ್ತೀಯಾ?" ಎಂದಳು. ಮಾಡಿದೆ. ಅವಳು ಅದನ್ನು ನನ್ನ ಬಟ್ಟಲಿಗೆ ಮೊದಲು ಬಗ್ಗಿಸಿದಳು.

ಹೀಗಿದೆ ಸಂಗತಿ. ನಿನ್ನ ಪೆಟ್ಟಿಗೆಯಲ್ಲಿ ಯಾವ ದೋಷವೂ ಇಲ್ಲ, ತಲೆ ಕೆಡಿಸಿಕೊಳ್ಳಬೇಡ. ಇನ್ನು ಮುಂದೆ ಅದು ನಿಂತರೆ ತಂತಿ ಹುಡುಕಬೇಡ. ಫೋನ್ ಮಾಡು. ಏನಾಯಿತೆಂದು ಆಶ್ಚರ್ಯಪಟ್ಟ ಹಾಗೆ ಮಾಡು. ನಿಲ್ಲದಿದ್ದರೂ ಮಾಡು. ಮೊದಲಿನ ಹಾಗೆ ಚಳಿನಾ, ಮಳೆನಾ ಎಂದು ಕೇಳು, ಉತ್ತರ ನಿನ್ನ ಕಣ್ಣೆದುರೇ ಇದ್ದರೂ ಕೇಳು. ಇದನ್ನು ನಾನೇ ಬರೆದು ನಿನ್ನ ಕೈಗೆ ಕೊಡುತ್ತಿದ್ದೇನೆಂದರೆ ನನಗೇ ನಂಬಿಕೆ ಬರುತ್ತಿಲ್ಲ. ಹೊಟ್ಟೆಕಿಚ್ಚು ಹೋಗಿದೆಯೆಂದುಕೊಳ್ಳಬೇಡ. ಅದು ಇದ್ದಲ್ಲೇ ಇದೆ. ಅವಳು ಸ್ಟೂಲಿನಿಂದ ಬೀಳಬಾರದು, ಅಷ್ಟೇ.

ಹೊಸ ವರ್ಷಕ್ಕೆ ಹಣ್ಣಿನ ಪೆಟ್ಟಿಗೆ ಕಳಿಸಿದ್ದೇನೆ. ಚೆನ್ನಾಗಿರುವುದನ್ನು ಆರಿಸಿದವಳು ಅಮ್ಮ. ಆಫೀಸಿನವರಿಗೆಲ್ಲ ಹಂಚಿ ಮುಗಿಸಬೇಡ, ನೀನು ತಿನ್ನು. ಹಿಮದ ಮೇಲೆ ನಡೆಯುವಾಗ ಜೋಪಾನ. ಬರುವ ವರ್ಷ ನಿನ್ನ ಸಮುದ್ರ ಶಾಂತವಾಗಿರಲಿ, ನಿನ್ನ ಯಂತ್ರಗಳು ಕೆಡದಿರಲಿ, ನಿನ್ನ ಮೈ ಗಟ್ಟಿಯಾಗಿರಲಿ.

ಪ್ರೀತಿಯಿಂದ,
ಫುಮಿಯೆ

ಮತ್ತೆ: ನಿನ್ನೆ ನನಗೆ ಅರವತ್ತು ತುಂಬಿತು. ಅರವತ್ತಕ್ಕೆ ಕೆಂಪು ತೊಡಬೇಕೆಂದು ನಿನ್ನ ಭಾವ ಕೆಂಪು ಕಾಲುಚೀಲ ತಂದಿದ್ದರು. ಅಮ್ಮ ನಾನು ಏಳುವ ಮುಂಚೆಯೇ ಎದ್ದು, ಶುಭದಿನಕ್ಕೆ ಮಾಡುವ ಕೆಂಪು ಕಾಳಿನ ಅನ್ನ ಬೇಯಿಸಿಟ್ಟಿದ್ದಳು. ಮಧ್ಯಾಹ್ನ ನಾನು ಜಗಲಿಯಲ್ಲಿ ಹಣ್ಣು ತಿಕ್ಕುತ್ತಿದ್ದಾಗ ಫೋನ್ ಬಂತು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಸ್ವಿಚ್ಚಿನ ದೀಪ ಉರಿಯುತ್ತಿತ್ತು, ಪೆಟ್ಟಿಗೆ ನೆಟ್ಟಗೆ ನಡೆಯುತ್ತಿತ್ತು. ನೋಡಿಕೊಂಡೇ ಓಡಿದೆ. ಹಾಗಾದರೆ ಈ ಫೋನ್ ಅಮ್ಮನಿಗಲ್ಲ, ನನಗೇ ಎಂದುಕೊಂಡೆ. ಕೈಯ ಅಂಟನ್ನು ಬಟ್ಟೆಗೆ ಒರೆಸಿಕೊಂಡು ಎತ್ತಿದೆ. "ಅಕ್ಕಾ, ಮಳೆ ಅಳೆಯೋ ಲೋಟ ಸೊನ್ನೆ ತೋರಿಸ್ತಿದೆ. ಅಲ್ಲಿ ಮಳೆ ಇಲ್ವಾ?" ಎಂದು ನೀನು ಕೇಳಿದೆ. ಇಲ್ಲ ಎಂದು ನಾನು ಹೇಳಿದೆ. "ಹಾಗಾದ್ರೆ ಸರಿಯಾಗೇ ಇದೆ. ಅಮ್ಮನಿಗೆ ಆಮೇಲೆ ಮಾಡ್ತೀನಿ ಅಂತ ಹೇಳು" ಎಂದು ನೀನು ಇಟ್ಟುಬಿಟ್ಟೆ. ಅಮ್ಮ ಬಚ್ಚಲಿನಿಂದ, "ಯಾರಿಗೇ ಫೋನು?" ಎಂದು ಕೂಗಿದಳು. "ನಿಂಗೇ ಅಮ್ಮಾ" ಎಂದೆ.